ಹೊಸ ಲಾನ್ ಮೋವರ್ (ಹುಲ್ಲು ಕತ್ತರಿಸುವ ಮೆಷಿನ್) ಸ್ಟಾರ್ಟ್ ಆಗೋದು ಕಷ್ಟ, ಹುಲ್ಲು ಹಿಡಿಯುವ ಚೀಲವೂ ತುಂಬುತ್ತಿಲ್ಲ. ವಾಪಸ್ ಕೊಡಬೇಕಾ?

ಇನ್ನೂ ಬೇಡ, ಸ್ವಲ್ಪ ತಾಳಿ. ನೀವು ಬರೆದಿರುವುದನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಪೆಟ್ರೋಲ್ ಮೋವರ್, ತಗೊಂಡು ತಿಂಗಳಾಗಿದೆ. ತಣ್ಣಗಿದ್ದಾಗ ಹಗ್ಗ ಎಳೆದೂ ಎಳೆದೂ ಕೈ ಸೋಲುತ್ತದೆ. ಚೀಲ ಕಾಲು ಭಾಗ ತುಂಬುವಷ್ಟರಲ್ಲಿ ಬಾಯಿ ಕಟ್ಟಿಕೊಂಡು ಹುಲ್ಲು ಮುದ್ದೆಮುದ್ದೆಯಾಗಿ ನೆಲಕ್ಕೆ ಬೀಳುತ್ತದೆ. ಚೀಲ ಖಾಲಿ ಮಾಡಿ ಬಂದು ಎಳೆದರೆ ಇಂಜಿನ್ ಏಳೋದೇ ಇಲ್ಲ.

ನನಗೆ ಅನಿಸುವುದು, ಇವು ಬೇರೆ ಬೇರೆ ತೊಂದರೆಗಳಲ್ಲ. ಚೀಲ ಬೇಗ ಕಟ್ಟಿಕೊಳ್ಳುವುದರಿಂದ ನೀವು ಪದೇ ಪದೇ ನಿಲ್ಲಿಸುತ್ತೀರಿ, ಹ್ಯಾಂಡಲ್ ಜೊತೆ ಒತ್ತಿ ಹಿಡಿಯುವ ಪಟ್ಟಿ ಬಿಟ್ಟ ತಕ್ಷಣ ಇಂಜಿನ್ ನಿಲ್ಲುತ್ತದೆ, ಪ್ರತಿ ಸಲವೂ ಬಿಸಿ ಇಂಜಿನ್ನನ್ನು ಮತ್ತೆ ಎಬ್ಬಿಸಬೇಕಾಗುತ್ತದೆ. ಆಗ ಹೆಚ್ಚಿನವರು ಬೆಳಗ್ಗೆ ಮಾಡಿದ್ದನ್ನೇ ಮತ್ತೆ ಮಾಡುತ್ತಾರೆ: ಚೋಕ್ (ಗಾಳಿ ಕಡಿಮೆ ಮಾಡುವ ಲಿವರ್) ಎಳೆಯುತ್ತಾರೆ, ಇಲ್ಲಾ ಪೆಟ್ರೋಲ್ ಒಳಗೆ ತಳ್ಳುವ ಪ್ರೈಮರ್ ಗುಂಡಿ ಒತ್ತುತ್ತಾರೆ. ಬಿಸಿ ಇಂಜಿನ್‌ಗೆ ಎರಡೂ ಬೇಡ. ಜಾಸ್ತಿ ಪೆಟ್ರೋಲ್ ಒಳಗೆ ಹೋಗಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಒದ್ದೆಯಾಗುತ್ತದೆ, ಆಮೇಲೆ ಎಷ್ಟು ಎಳೆದರೂ ಸುಮ್ನೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಅದೇ ಕಾರಣ. ಹತ್ತು ಹದಿನೈದು ನಿಮಿಷ ಬಿಡಿ. ಚೋಕ್ ಪೂರ್ತಿ ಆಫ್ ಮಾಡಿ, ಥ್ರಾಟಲ್ (ವೇಗದ ಲಿವರ್) ಇದ್ದರೆ ಫುಲ್ ಇಟ್ಟು ಎಳೆಯಿರಿ.

ಈಗ ತಣ್ಣಗಿರುವಾಗಿನ ವಿಷಯ. ಮೊದಲು ಪೆಟ್ರೋಲ್. ಕ್ಯಾನಿನಲ್ಲಿ ಉಳಿದಿದ್ದ ಹಳೇ ಪೆಟ್ರೋಲ್ ಹಾಕಿದ್ದೀರಾ? ತಿಂಗಳು ದಾಟಿದ ಪೆಟ್ರೋಲಿಗೆ ಹತ್ತಿಕೊಳ್ಳುವ ಚುರುಕು ಕಡಿಮೆಯಾಗುತ್ತದೆ, ಎಥನಾಲ್ ಬೆರೆತಿದ್ದರೆ ಗಾಳಿಯಲ್ಲಿನ ತೇವವನ್ನೂ ಎಳೆದುಕೊಳ್ಳುತ್ತದೆ. ಎಥನಾಲ್ ಶೇ 10ಕ್ಕಿಂತ ಜಾಸ್ತಿ ಇದ್ದರೆ ಈ ಸಣ್ಣ ಇಂಜಿನ್‌ಗಳಲ್ಲಿ ಬಹುತೇಕಕ್ಕೆ ಆಗಿಬರುವುದಿಲ್ಲ, ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಮಿತಿ ಬರೆದಿರುತ್ತದೆ. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ಅರ್ಧಕ್ಕರ್ಧ ದೂರು ಇಲ್ಲೇ ಮುಗಿಯುತ್ತದೆ ಅಂತ ನನ್ನ ನಂಬಿಕೆ.

ಆಮೇಲೆ ಆಯಿಲ್. ಹೊಸ ಮೋವರ್‌ಗಳು ಸಾಮಾನ್ಯವಾಗಿ ಆಯಿಲ್ ಇಲ್ಲದೆ ಬರುತ್ತವೆ, ನಾವೇ ಹಾಕಬೇಕು. ಇಷ್ಟು ಸಣ್ಣ ಇಂಜಿನ್‌ಗೆ ಬೇಕಾಗುವುದು ಅರ್ಧ ಲೀಟರ್ ಆಸುಪಾಸು ಮಾತ್ರ. ಒಂದು ಲೀಟರ್ ಬಾಟಲಿ ಪೂರ್ತಿ ಸುರಿದುಬಿಟ್ಟಿದ್ದರೆ ಹೊಗೆ ಬರುತ್ತದೆ, ಸ್ಟಾರ್ಟ್ ಕಷ್ಟವಾಗುತ್ತದೆ, ಆಯಿಲ್ ಏರ್ ಫಿಲ್ಟರಿಗೂ ಹೋಗಬಹುದು. ಮೆಷಿನ್ನನ್ನು ತಪ್ಪು ಪಕ್ಕಕ್ಕೆ ವಾಲಿಸಿದರೂ ಹಾಗೇ ಆಗುತ್ತದೆ. ವಾಲಿಸುವಾಗ ಏರ್ ಫಿಲ್ಟರ್ ಯಾವಾಗಲೂ ಮೇಲಿರಬೇಕು. ಫಿಲ್ಟರ್ ಕವರ್ ತೆಗೆದು ನೋಡಿ, ಕಾಗದದ ಫಿಲ್ಟರ್ ಆಯಿಲ್‌ನಲ್ಲಿ ನೆನೆದಿದ್ದರೆ ಬದಲಾಯಿಸಲೇಬೇಕು.

ಇನ್ನು ಕೆಲವು ಬೇಗ ನೋಡಿಬಿಡಬಹುದು. ಪೆಟ್ರೋಲ್ ವಾಲ್ವ್ ತೆರೆದಿದೆಯಾ, ಸ್ಪಾರ್ಕ್ ಪ್ಲಗ್ ಮೇಲಿನ ರಬ್ಬರ್ ಟೋಪಿ ಗಟ್ಟಿಯಾಗಿ ಕೂತಿದೆಯಾ (ಸಾಗಿಸುವಾಗ ಸಡಿಲವಾಗುವುದುಂಟು), ಹ್ಯಾಂಡಲ್ ಪಟ್ಟಿಯ ಕೇಬಲ್ ಪೂರ್ತಿ ಎಳೆಯುತ್ತಿದೆಯಾ. ಕೇಬಲ್ ಸಡಿಲವಿದ್ದರೆ ಇಂಜಿನ್ನಿನ ಬ್ರೇಕ್ ಬಿಡುವುದಿಲ್ಲ, ಹಗ್ಗವೂ ಬಿಗಿ ಬಿಗಿಯಾಗಿ ಬರುತ್ತದೆ. ಎತ್ತರದ ಹುಲ್ಲಿನ ಮಧ್ಯೆ ನಿಲ್ಲಿಸಿ ಎಳೆಯಬೇಡಿ, ಬ್ಲೇಡಿಗೆ ಹುಲ್ಲು ಅಡ್ಡ ಬರುತ್ತದೆ. ಇಂಜಿನ್ ಓಡಿ ಓಡಿ ತಾನೇ ನಿಲ್ಲುತ್ತಿದ್ದರೆ ಟ್ಯಾಂಕ್ ಮುಚ್ಚಳ ಸ್ವಲ್ಪ ಸಡಿಲ ಮಾಡಿ ನೋಡಿ. ಆಗ ಸರಿಹೋದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ ಅಂತ ಅರ್ಥ.

ಚೀಲ ಕೆಲಸ ಮಾಡುವ ರೀತಿ ಮಾತ್ರ ಸ್ವಲ್ಪ ಬೇರೆ ತರಹ, ಇದನ್ನು ಅಂಗಡಿಯವರೂ ಸರಿಯಾಗಿ ಹೇಳಿಕೊಡುವುದಿಲ್ಲ. ಹುಲ್ಲು ಚೀಲಕ್ಕೆ ಹೋಗುವುದು ಗಾಳಿಯ ಜೊತೆ. ಬ್ಲೇಡಿನ ಹಿಂದಿನ ಅಂಚು ಮೇಲಕ್ಕೆ ಬಾಗಿರುತ್ತದಲ್ವಾ, ಅದು ಫ್ಯಾನಿನ ರೆಕ್ಕೆ ಇದ್ದ ಹಾಗೆ ಗಾಳಿಯನ್ನು ಮೇಲೆತ್ತಿ ಹಿಂದಕ್ಕೆ ತಳ್ಳುತ್ತದೆ. ಆ ಗಾಳಿ ಚೀಲದ ಬಟ್ಟೆಯಿಂದ ಹೊರಗೆ ಹೋದರೆ ಮಾತ್ರ ಹಿಂದೆ ಇನ್ನಷ್ಟು ಹುಲ್ಲು ಬರುತ್ತದೆ. ಬಟ್ಟೆಯ ಕಣ್ಣುಗಳಲ್ಲಿ ಧೂಳು, ಹುಲ್ಲಿನ ಪುಡಿ ಕೂತಿದ್ದರೆ ಚೀಲ ಅರ್ಧ ಖಾಲಿ ಇದ್ದರೂ ಒಳಗೆ ಏನೂ ಬರುವುದಿಲ್ಲ. ಚೀಲವನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ನೀರು ಹಾಯಿಸಿ ತೊಳೆದು ಪೂರ್ತಿ ಒಣಗಿಸಿ.

ಹೊಸ ಮೆಷಿನ್ ಆದ್ದರಿಂದ ನಾನು ಮೊದಲು ಅನುಮಾನಪಡುವುದು ಮಲ್ಚಿಂಗ್ ಪ್ಲಗ್ ಮೇಲೆ. ಹುಲ್ಲನ್ನು ಚೀಲಕ್ಕೆ ಬಿಡದೆ ಪುಡಿ ಮಾಡಿ ನೆಲಕ್ಕೇ ಬೀಳಿಸಲು ಹಿಂದಿನ ಬಾಯಿಗೆ ತುರುಕಿರುವ ಒಂದು ಪ್ಲಾಸ್ಟಿಕ್ ತುಂಡು ಅದು. ಅದು ಅಲ್ಲೇ ಇದ್ದರೆ, ಇಲ್ಲಾ ಅರ್ಧ ಜಾರಿ ಕೂತಿದ್ದರೆ, ಚೀಲ ಹಾಕಿ ಪ್ರಯೋಜನವಿಲ್ಲ. ಪಕ್ಕದಿಂದ ಹುಲ್ಲು ಹೊರಬೀಳುವ ಬಾಗಿಲು ಇದ್ದರೆ ಅದು ಮುಚ್ಚಿರಬೇಕು. ಚೀಲದ ಕೊಕ್ಕೆಗಳು ಎರಡೂ ಕಡೆ ಕೂತಿರಬೇಕು, ಸಂದು ಇದ್ದರೆ ಗಾಳಿ ಅಲ್ಲೇ ಸೋರಿಹೋಗುತ್ತದೆ. ಬ್ಲೇಡ್ ಕೂಡ ನೋಡಿ: ತಲೆಕೆಳಗಾಗಿ ಕೂರಿಸಿದ್ದರೆ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿದುಹಾಕುತ್ತದೆ, ಎತ್ತುವುದಂತೂ ಇಲ್ಲವೇ ಇಲ್ಲ. ಆದರೆ ಡೆಕ್ (ಬ್ಲೇಡನ್ನು ಮುಚ್ಚಿರುವ ಕವಚ) ಕೆಳಗೆ ಕೈ ಹಾಕುವ ಮುಂಚೆ ಸ್ಪಾರ್ಕ್ ಪ್ಲಗ್‌ನ ವೈರ್ ಕಿತ್ತು ದೂರ ಇಡಿ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಇಂಜಿನ್ ನಿಂತಿದ್ದರೂ ಬ್ಲೇಡ್ ಕೈಯಿಂದ ತಿರುಗಿಸಿದರೆ ಕಿಡಿ ಹೊತ್ತಿ ಒಂದು ಸುತ್ತು ಹೊಡೆಯಬಹುದು, ಬೆರಳು ಹೋಗಲು ಅಷ್ಟು ಸಾಕು.

ಇದೆಲ್ಲ ಸರಿಯಿದ್ದರೆ ಹುಲ್ಲನ್ನೇ ನೋಡಬೇಕು. ಒದ್ದೆ ಹುಲ್ಲು ಭಾರ, ಡೆಕ್ ಒಳಗೆ ಅಂಟಿಕೊಂಡು ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆ. ಒಣಗಿದ ಮೇಲೆ ಕತ್ತರಿಸಿ. ತುಂಬಾ ಬೆಳೆದಿದ್ದರೆ ಒಂದೇ ಸಲಕ್ಕೆ ನೆಲಮಟ್ಟಕ್ಕೆ ಇಳಿಸಬೇಡಿ, ಎತ್ತರದ ಮೂರನೇ ಒಂದು ಭಾಗ ತೆಗೆದರೆ ಸಾಕು, ಉಳಿದದ್ದು ಕೆಲವು ದಿನ ಬಿಟ್ಟು. ನಿಧಾನವಾಗಿ ನಡೆಯಿರಿ, ಇಂಜಿನ್ ಪೂರ್ತಿ ವೇಗದಲ್ಲಿರಲಿ. ಹಳೇ ಪೆಟ್ರೋಲಿನಿಂದಲೋ ಅರ್ಧ ಎಳೆದೇ ಉಳಿದ ಚೋಕಿನಿಂದಲೋ ಇಂಜಿನ್ ಸೊರಗಿ ಓಡುತ್ತಿದ್ದರೆ ಬ್ಲೇಡಿನ ವೇಗ ಕಡಿಮೆ, ಗಾಳಿ ಕಡಿಮೆ, ಚೀಲವೂ ತುಂಬುವುದಿಲ್ಲ. ಅದಕ್ಕೇ ಸ್ಟಾರ್ಟಿಂಗ್ ತೊಂದರೆ ಮೊದಲು ಸರಿಮಾಡಿ ಅಂತ ನಾನು ಹೇಳುವುದು.

ಎರಡಕ್ಕೂ ಒಟ್ಟಿಗೆ ಕಾರಣವಾಗುವ ಇನ್ನೊಂದಿದೆ. ಬ್ಲೇಡಿನ ಬೋಲ್ಟ್ ಸಡಿಲವಾಗಿದ್ದರೆ ಹಗ್ಗ ಎಳೆದಾಗ ಕೈಯನ್ನು ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದಿದ್ದರೆ ಇಂಜಿನ್ನಿನ ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವ ಫ್ಲೈವೀಲ್ ಕೀ ಅನ್ನುವ ಸಣ್ಣ ಲೋಹದ ತುಂಡು ಕತ್ತರಿಸಿಹೋಗಿ, ಕಿಡಿ ಬರುವ ಸಮಯವೇ ಏರುಪೇರಾಗಿರಬಹುದು. ಇಂಥ ಎಳೆತ ಇದ್ದರೆ ಮನೆಯಲ್ಲಿ ಬಿಚ್ಚಬೇಡಿ, ವಾರಂಟಿ ಇರುವಾಗ ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಕೂಡ ಮುಟ್ಟಬೇಡಿ.

ಹೊಸ ಪೆಟ್ರೋಲ್ ಹಾಕಿದ ಮೇಲೂ ತಣ್ಣಗೆ ಸ್ಟಾರ್ಟ್ ಆಗದಿದ್ದರೆ, ಕೆಲವು ಸಲ ಎಳೆದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಒದ್ದೆಯಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ, ಇಲ್ಲಾ ಕಿಡಿ ಬರುತ್ತಿಲ್ಲ. ಸರ್ವೀಸಿನವರಿಗೆ ಇಷ್ಟು ಹೇಳಿದರೆ ಅವರೂ ಸುಮ್ನೆ ತಡಕಾಡಬೇಕಾಗಿಲ್ಲ.