9ರ ಒಳಗೆ ತುಂಬಿಕೊಂಡಿರುವ ಲೋಹ: ಡೈ ಚಿಪ್ಪೋ, ಹಬ್ ಡಬ್ಲಿಂಗೋ?

ನಾಣ್ಯದ ಇಸವಿಯಲ್ಲಿ 9ರ ಸುತ್ತಿನೊಳಗೆ ಲೋಹ ತುಂಬಿಕೊಂಡಿದೆ, ಪಕ್ಕದ ಅಂಕಿಯೂ ಸ್ವಲ್ಪ ದಪ್ಪವಾಗಿ ಕಾಣುತ್ತದೆ, ಇದು ಹಬ್ ಡಬ್ಲಿಂಗ್ (ಅಚ್ಚು ತಯಾರಿಸುವಾಗಲೇ ಚಿತ್ರ ಜೋಡಿಯಾಗಿ ಮೂಡುವುದು) ಇರಬಹುದೇ ಎಂದು ಕೇಳಿದ್ದೀರಿ. 9ರ ಒಳಗಿನದಂತೂ ಬಹುತೇಕ ಖಂಡಿತ ಡೈ ಚಿಪ್, ಅಂದರೆ ನಾಣ್ಯಕ್ಕೆ ಅಚ್ಚೊತ್ತುವ ಉಕ್ಕಿನ ಡೈಯಿಂದ ಚಕ್ಕೆ ಎದ್ದ ಗುರುತು. ಪಕ್ಕದ ಅಂಕಿಯನ್ನು ಬೇರೆಯಾಗಿಯೇ ನೋಡಬೇಕು.

ನಾಣ್ಯದ ಮೇಲೆ ಉಬ್ಬಿರುವುದೆಲ್ಲ ಡೈಯಲ್ಲಿ ತಗ್ಗಾಗಿರುತ್ತದೆ. ಹಾಗಾಗಿ 9ರ ಒಳಗಿನ ಬಯಲು ಡೈಯಲ್ಲಿ ಸುತ್ತಲೂ ತಗ್ಗಿರುವ ಒಂದು ಪುಟ್ಟ ಒಂಟಿ ದಿಣ್ಣೆ. ಒಂದೇ ಸಮನೆ ಏಟು ಬೀಳುವಾಗ ಉಕ್ಕು ಮೊದಲು ಸೋಲುವುದು ಇಂಥ ಜಾಗದಲ್ಲೇ. ಚಕ್ಕೆ ಎದ್ದು ಗುಂಡಿ ಬೀಳುತ್ತದೆ, ಮುಂದಿನ ಏಟಿಗೆ ನಾಣ್ಯದ ಲೋಹ ಅದರೊಳಕ್ಕೆ ನುಗ್ಗುತ್ತದೆ. ಆ ಉಬ್ಬಿಗೆ ವಿನ್ಯಾಸದ ಹಂಗಿಲ್ಲ. ಅಂಚು ಒರಟು, ಆಕಾರ ಮುರಿದ ಉಕ್ಕಿನದು. 1950ರ ದಶಕದ ಅಮೆರಿಕದ ಕೆಲವು ಲಿಂಕನ್ ಸೆಂಟ್‌ಗಳಲ್ಲಿ 'ಲಿಬರ್ಟಿ' ಪದದ ಬಿ ಮತ್ತು ಇ ನಡುವೆ ಹೀಗೆಯೇ ಚಕ್ಕೆ ಎದ್ದು, ಅಲ್ಲೊಂದು ಐ ಅಕ್ಷರ ಇರುವಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಅದು ಅಕ್ಷರವಲ್ಲ, ಬರೀ ಒಂದು ಉದ್ದನೆಯ ಉಬ್ಬು ಎಂದು ಗೊತ್ತಾಗುತ್ತದೆ.

ಹಬ್ ಡಬ್ಲಿಂಗ್ ನಡೆಯುವುದು ಡೈ ಇನ್ನೂ ಯಂತ್ರಕ್ಕೆ ಏರುವ ಮೊದಲು. ಹಬ್ ಎಂಬ ಉಬ್ಬು ಅಚ್ಚನ್ನು ಒತ್ತಿ ಡೈ ತಯಾರಿಸುತ್ತಾರೆ. ಹಿಂದೆ ಒಂದೇ ಒತ್ತಿಗೆ ಆಳ ಸಾಲದೆ, ಡೈಯನ್ನು ಕಾಯಿಸಿ ಮೆತ್ತಗಾಗಿಸಿ ಮತ್ತೆ ಒತ್ತುತ್ತಿದ್ದರು. ಎರಡನೆಯ ಸಲ ಕೂದಲೆಳೆಯಷ್ಟು ತಿರುಗಿದರೂ ಅದೇ ಚಿತ್ರ ಎರಡು ಕಡೆ ಮೂಡುತ್ತದೆ. ಆದ್ದರಿಂದ ಇಲ್ಲಿ ಹೆಚ್ಚುವರಿಯಾಗಿ ಕಾಣುವ ಲೋಹಕ್ಕೆ ಅಕ್ಷರದ್ದೇ ರೂಪವಿರುತ್ತದೆ. ಅಕ್ಷರದ ಮೂಲೆಗಳನ್ನು ನೋಡಿ: ಎರಡು ರೂಪಗಳು ಬೇರ್ಪಡುವಲ್ಲಿ ಸಣ್ಣ ಸೀಳು ಕಾಣಬೇಕು. ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಈ ಗುರುತನ್ನೇ. ಹೀಗೆ ಜೋಡಿ ಚಿತ್ರ ಮೂಡಿದ ಡೈಯಿಂದ ಬಂದ 1955ರ ಪ್ರಸಿದ್ಧ 'ಡಬಲ್ಡ್ ಡೈ' ಸೆಂಟ್‌ನಲ್ಲಿ ಇಸವಿ ಮತ್ತು ಬರಹ ಎರಡೂ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ.

ನಿಮ್ಮ ಪಕ್ಕದ ಅಂಕಿಯ ವಿಷಯಕ್ಕೆ ಬಂದರೆ, ಮೂರನೆಯ ಸಾಧ್ಯತೆಯೊಂದಿದೆ, ಬಹಳ ಜನ ಮೋಸಹೋಗುವುದು ಅಲ್ಲೇ. ಏಟು ಬಿದ್ದ ಕ್ಷಣದಲ್ಲಿ ಸಡಿಲವಾದ ಡೈ ಜರುಗಿದರೆ ಅಂಕಿಯ ಅಂಚು ಸವರಿಹೋಗಿ, ತಗ್ಗಿನಲ್ಲಿ ಚಪ್ಪಟೆ ಮೆಟ್ಟಿಲೊಂದು ಉಳಿಯುತ್ತದೆ. ಅಂಕಿ ದಪ್ಪವಾಗುವ ಬದಲು ಸಣಕಲಾಗುತ್ತದೆ. ಇದಕ್ಕೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲ. ಡೈ ಸವೆದಾಗಲೂ ಅಂಚು ಮಸುಕಾಗಿ ಹರಡಿ ಜೋಡಿಯಂತೆ ಕಾಣುತ್ತದೆ. 1955ರ ಸೆಂಟ್‌ಗಳಲ್ಲೇ ಕೊನೆಯ 5 ಹೀಗೆ ಹರಡಿರುವಂಥವನ್ನು 'ಬಡವರ ಡಬಲ್ಡ್ ಡೈ' ಎಂದು ಮಾರುತ್ತಾರೆ. ದಯವಿಟ್ಟು ಆ ಹೆಸರಿಗೆ ಹಣ ತೆರಬೇಡಿ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಬೆಳಕು ಒಂದೇ ಪಕ್ಕದಿಂದ ಓರೆಯಾಗಿ ಬೀಳಲಿ, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ. ಪ್ರತಿಫಲನ ಸ್ಥಳ ಬದಲಿಸಿದರೂ ನಿಜವಾದ ಸೀಳು ಇದ್ದಲ್ಲೇ ಇರುತ್ತದೆ. ಅದೇ ಇಸವಿಯ ಇನ್ನೊಂದು ಸಾಮಾನ್ಯ ನಾಣ್ಯವನ್ನು ಪಕ್ಕದಲ್ಲಿಟ್ಟುಕೊಂಡರೆ ಅಂಕಿಯ ಸಹಜ ದಪ್ಪ ಎಷ್ಟೆಂಬುದೂ ತಿಳಿಯುತ್ತದೆ.

ಚಿಪ್ ಎಂದಾದರೆ ಬೇಸರ ಬೇಡ. ಡೈ ಮುರಿಯುತ್ತಾ ಹೋದಂತೆ ಉಬ್ಬು ದೊಡ್ಡದಾಗುವುದುಂಟು. ಅದೇ ಡೈಯ ಬೇರೆ ಬೇರೆ ಹಂತದ ನಾಣ್ಯಗಳು ಸಿಕ್ಕರೆ ಜೊತೆಗಿಟ್ಟು ನೋಡಿ, ಒಂದು ಡೈ ಹೇಗೆ ಕುಸಿಯಿತು ಎಂಬುದು ಸಾಲಾಗಿ ಕಾಣುತ್ತದೆ. ಹಬ್ ಡಬ್ಲಿಂಗ್‌ನಲ್ಲಿ ಹೀಗಾಗುವುದಿಲ್ಲ. ಅದು ಆ ಡೈಯ ಮೊದಲ ನಾಣ್ಯದಲ್ಲೂ ಇರುತ್ತದೆ, ಕೊನೆಯದರಲ್ಲೂ ಇರುತ್ತದೆ.