ಪಾಸ್‌ವರ್ಡ್ ಇದ್ದರೆ ಸಾಲದೇ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಆಧಾರ್, ಬ್ಯಾಂಕ್ ಕಾಗದ, ಮಗಳ ಫೋಟೊ ಎಲ್ಲಾ ಇವೆ. ವಿಂಡೋಸ್ ಪಾಸ್‌ವರ್ಡ್ ಇಟ್ಟಿದ್ದೇನೆ. ಕಳುವಾದರೆ ಅಷ್ಟು ಸಾಕಲ್ವಾ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಸಾಲದು ಕಣ್ರೀ. ಸ್ಕ್ರೂ ಬಿಚ್ಚಿ ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಆ ಪಾಸ್‌ವರ್ಡ್ ಕೇಳುವುದೇ ಇಲ್ಲ, ಫೈಲ್‌ಗಳೆಲ್ಲ ಸಲೀಸಾಗಿ ತೆರೆದುಕೊಳ್ಳುತ್ತವೆ. ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಬೇಕು, ಅಂದರೆ ಕೀ ಇಲ್ಲದವರಿಗೆ ಓದಲಾಗದ ಗೂಢಲಿಪಿಗೆ ಬದಲಿಸಬೇಕು. ನಿಮ್ಮದು ವಿಂಡೋಸ್‌ನ ಪ್ರೊ ಆವೃತ್ತಿ ಆದರೆ ಈ ಕೆಲಸ ಮಾಡುವ ಬಿಟ್‌ಲಾಕರ್ ಅದರಲ್ಲೇ ಇದೆ. ಹೋಮ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಇದೆಯಾ ನೋಡಿ, ಇಲ್ಲದಿದ್ದರೆ ಇದೇ ಕೆಲಸದ ವೆರಾಕ್ರಿಪ್ಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮೊದಲು ಎಲ್ಲದರ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ (ಡಿಸ್ಕ್ ತೆರೆಯದಿದ್ದಾಗ ಬೇಕಾಗುವ ಸಂಖ್ಯೆ) ಕೊಡುತ್ತದೆ. ಅದನ್ನು ದಯವಿಟ್ಟು ಕಾಗದದಲ್ಲಿ ಬರೆದು ಬೀರುವಿನಲ್ಲಿ ಮನೆಪತ್ರದ ಜೊತೆ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಅದನ್ನೇ ಕೇಳುತ್ತದೆ. ಆಗ ಕೀ ಇಲ್ಲ ಅಂದರೆ ಮಗಳ ಫೋಟೊ ನಿಮಗೂ ಸಿಗುವುದಿಲ್ಲ.