ನಿಮ್ಮ ಲೇಖನ ಶುರುವಾಗುವುದು ನಾಲ್ಕನೆಯ ಪುಟದಲ್ಲಿ

ನಮಸ್ಕಾರ.

‘ಡಿಜಿಟಲ್ ಕ್ರಾಂತಿ ಮತ್ತು ಗ್ರಾಮೀಣ ಶಿಕ್ಷಣ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಇಷ್ಟನ್ನೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ನಾಲ್ಕನೆಯ ಪುಟ ಬಿಡಲಿಲ್ಲ.

ಮೊದಲ ಮೂರು ಪುಟಗಳಲ್ಲಿ ನೀವು ಎಲ್ಲಿಯೂ ಕಾಣುವುದಿಲ್ಲ. ‘ಇಂದಿನ ಆಧುನಿಕ ಯುಗದಲ್ಲಿ ತಂತ್ರಜ್ಞಾನವು ಹಾಸುಹೊಕ್ಕಾಗಿದೆ’ ಎಂಬ ವಾಕ್ಯ ತಿಂಗಳಿಗೆ ಐದಾರು ಸಲ ನನ್ನ ಮೇಜಿಗೆ ಬರುತ್ತದೆ, ಕಳುಹಿಸಿದವರ ಹೆಸರು ಮಾತ್ರ ಬೇರೆ. ಅದರ ಬೆನ್ನಿಗೇ ಮಕ್ಕಳು ನಾಳಿನ ಪ್ರಜೆಗಳಾಗುತ್ತಾರೆ, ಶಿಕ್ಷಕರು ದಾರಿದೀಪಗಳಾಗುತ್ತಾರೆ. ಹದಿನೆಂಟು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದ ನೀವು ಸಹೋದ್ಯೋಗಿಗಳನ್ನು ಮನಸಾರೆ ದಾರಿದೀಪ ಎಂದಿದ್ದೀರಿ ಎಂದು ನಂಬುವುದು ಕಷ್ಟ.

ಆಮೇಲೆ ಬರುತ್ತಾಳೆ, 2020ರ ಆ ಹುಡುಗಿ. ಮನೆಗೆ ಒಂದೇ ಸ್ಮಾರ್ಟ್‌ಫೋನ್. ಬೆಳಿಗ್ಗೆ ಅದು ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತದೆ. ಸಂಜೆ ಪಿಯುಸಿ ಓದುವ ಅಣ್ಣನ ಕೈ ಸೇರುತ್ತದೆ. ಇವಳ ಸರದಿ ಬರುವಾಗ ರಾತ್ರಿ ಒಂಬತ್ತೂವರೆ, ಚಾರ್ಜ್ ಶೇ 8. ನೀವು ಕಳುಹಿಸಿದ ಲೆಕ್ಕಗಳ ಹಾಳೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತಾ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ. ನಾಲ್ಕು ಮುಗಿಯುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಶಿಕ್ಷಕರೇ ಊರಿಗೆ ಬಂದು ಪಾಠ ಮಾಡುತ್ತಿದ್ದ ‘ವಿದ್ಯಾಗಮ’ದ ದಿನ ದೇವಸ್ಥಾನದ ಜಗಲಿಯಲ್ಲಿ ‘ಯಾಕೆ ನಾಲ್ಕೇ ಲೆಕ್ಕ?’ ಎಂದು ಅವಳನ್ನು ಗದರಿದ್ದನ್ನೂ ಮುಚ್ಚಿಡದೆ ಬರೆದಿದ್ದೀರಿ. ಅಲ್ಲಿ ನಿಮ್ಮ ದನಿ ಕೇಳಿಸಿತು. ಆದರೆ ಮುಂದಿನ ಸಾಲಿನಲ್ಲೇ ‘ಹೀಗೆ ಡಿಜಿಟಲ್ ಕಂದಕವು ಗಂಭೀರ ಸಮಸ್ಯೆಯಾಗಿದೆ’ ಎಂದು ತೀರ್ಪು ಕೊಟ್ಟು ಹೊರಟುಬಿಟ್ಟಿದ್ದೀರಿ. ಏನು ಅವಸರವಿತ್ತು?

ನೀವು ಕೊಟ್ಟ ಅಂಕಿಅಂಶ ಹಳತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ಗ್ರಾಮೀಣ ಮಕ್ಕಳು ಶೇ 36.5 ಎಂದದ್ದು ಗ್ರಾಮೀಣ ಮಕ್ಕಳ ಶಿಕ್ಷಣದ ಸ್ಥಿತಿಯನ್ನು ಅಳೆಯುವ ‘ಅಸರ್’ ಸಮೀಕ್ಷೆ, 2018ರಲ್ಲಿ. 2021ರಲ್ಲಿ ಅದು ಶೇ 67.6ಕ್ಕೆ ಏರಿತ್ತು. ವಾದ ಕೆಡುತ್ತದೆಂದು ಹೆದರಬೇಡಿ. ಫೋನ್ ಇದ್ದ ಮನೆಯ ಮಕ್ಕಳಲ್ಲೂ ಸುಮಾರು ಕಾಲುಭಾಗಕ್ಕೆ ಅದು ಓದಲು ಸಿಗುತ್ತಿರಲಿಲ್ಲ ಎಂದು ಹೇಳಿದ್ದು ಅದೇ 2021ರ ವರದಿ. ಎಣಿಸುವವರ ಪಟ್ಟಿಯಲ್ಲಿ ನಿಮ್ಮ ಹುಡುಗಿ ‘ಫೋನ್ ಇರುವ ಮನೆ’ಯವಳು. ಊರಿಗೂ ನಗರಕ್ಕೂ ನಡುವಿನ ಅಂತರವನ್ನು ಎಲ್ಲರೂ ಬರೆದಿದ್ದಾರೆ. ಹೊಸ್ತಿಲ ಒಳಗಿನ ಸರದಿಯನ್ನು ಕಂಡವರು ನೀವು, ಕಂಡೂ ಅದನ್ನು ಉದಾಹರಣೆಯ ಮಟ್ಟಕ್ಕೆ ಇಳಿಸಿದಿರಿ.

‘ಕೊರೊನಾ ಕಾಲದಲ್ಲಿ ಮೊಟ್ಟಮೊದಲ ಬಾರಿಗೆ ತಂತ್ರಜ್ಞಾನ ಹಳ್ಳಿ ಶಾಲೆಯ ಬಾಗಿಲು ತಟ್ಟಿತು’ ಎನ್ನುವುದು ತಪ್ಪು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಪ್ರಯೋಗ ನಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ತಲುಪಿತ್ತು. ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಹಾರಿಸಿದ ಶಿಕ್ಷಣ ಉಪಗ್ರಹ ಎಜುಸ್ಯಾಟ್ ಮೂಲಕ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಪಾಠ ಬಂತು. ಊರಿಗೆ ಒಂದೇ ಟಿವಿ ಇತ್ತು, ನಿಜ. ಆದರೆ ಅದು ಯಾರ ಜೇಬಿನಲ್ಲೂ ಕೆಲಸಕ್ಕೆ ಹೋಗುತ್ತಿರಲಿಲ್ಲ. ಈ ಹೋಲಿಕೆಯನ್ನು ನೀವು ಬಳಸಿಕೊಂಡರೆ ನನ್ನ ಅಭ್ಯಂತರವಿಲ್ಲ.

‘ಸರ್ಕಾರ ಪ್ರತಿ ಮಗುವಿಗೂ ಟ್ಯಾಬ್ ಕೊಡಬೇಕು’ ಎಂಬ ಪರಿಹಾರವನ್ನು ಇನ್ನಷ್ಟು ಯೋಚಿಸಿ. ಪೆರು ದೇಶ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳಲ್ಲಿ ಪರಿಶೀಲಿಸಿದಾಗ ಗಣಿತ, ಭಾಷೆಯ ಕಲಿಕೆಯಲ್ಲಿ ಏರಿಕೆ ಕಾಣಲಿಲ್ಲ. ಅಷ್ಟು ದೂರವೂ ಹೋಗಬೇಕಿಲ್ಲ. ನಿಮ್ಮದೇ ಶಾಲೆಯ ‘ಬೀಗ ಹಾಕಿದ್ದ ಕಂಪ್ಯೂಟರ್ ಕೊಠಡಿ’ಯನ್ನು ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ಬೀಗದ ಕೈ ಯಾರ ಬಳಿ ಇತ್ತು? ಕಳವಾದರೆ ದಂಡ ಯಾರು ಕಟ್ಟಬೇಕಿತ್ತು? ಯುಪಿಎಸ್ ಬ್ಯಾಟರಿ ಸತ್ತದ್ದು ಯಾವಾಗ? ಇದನ್ನು ಬಲ್ಲವರು ನೀವು, ಪತ್ರಿಕಾ ಕಚೇರಿಯಲ್ಲಿ ಕುಳಿತ ನಾನಲ್ಲ.

ಮೊದಲ ಮೂರು ಪುಟ ತೆಗೆದುಹಾಕಿ. ಕೊನೆಯ ಚುಟುಕವೂ ಬೇಡ. 1,200 ಪದ ಮೀರದಂತೆ ಮತ್ತೆ ಬರೆದು ಕಳುಹಿಸಿ. ಹುಡುಗಿಯ ಹೆಸರನ್ನು ಬದಲಿಸಿ, ಊರನ್ನೂ ಮರೆಮಾಡಿ. ಅಣ್ಣನೂ ಪತ್ರಿಕೆ ಓದುವವನಿರಬಹುದು.

ಇಂತು,
ಸಂಪಾದಕ